ಎಡ ಚಕ್ರದ ಸ್ಪ್ರಿಂಗು

"ಅವನನ್ನ ಬಿಟ್ಟುಬಿಡಮ್ಮ. ಆ ಕಾರಿನ ಕೆಲಸ ಮಾಡಿದ್ದು ಅವನಲ್ಲ, ನಾನು."

ಠಾಣೆಯ ಹಿತ್ತಲಲ್ಲಿ, ನಜ್ಜುಗುಜ್ಜಾದ ಕಾರಿನ ಪಕ್ಕ ನಿಂತು ಅಪ್ಪ ಹೇಳಿದರು. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಜೀವಮಾನವಿಡೀ ಇಂಜಿನ್ನುಗಳ ಸದ್ದಿನ ಮೇಲೆ ಕೂಗಿ ಗಂಟಲೇ ಹಾಗಾಗಿತ್ತು. ಬಾಗಿಲ ಹತ್ತಿರ ನಿಂತಿದ್ದ ಕಾನ್‌ಸ್ಟೇಬಲ್, ಜೀಪು ಒರೆಸುತ್ತಿದ್ದ ಡ್ರೈವರ್ ಇಬ್ಬರೂ ತಿರುಗಿ ನೋಡಿದರು.

ಇನ್ಸ್‌ಪೆಕ್ಟರ್ ಮಗಳು ಕಾರಿನತ್ತ ನೋಡಿದಳು. ಊರ ಶಾಲೆಯ ಮುಖ್ಯೋಪಾಧ್ಯಾಯಿನಿ ದೊಡ್ಡ ಟೀಚರ್ ತಮ್ಮ ಹಳೇ ಕಾರಿನ ಜೊತೆ ಸೇತುವೆಯ ತಿರುವಿನಲ್ಲಿ ಉರುಳಿ ಸತ್ತಿದ್ದರು. ಮುಂದಿನ ಎಡ ಚಕ್ರದ ಸ್ಪ್ರಿಂಗ್ ಮುರಿದು, ಅದರ ಚೂಪು ತುದಿ ಟೈರನ್ನು ಸೀಳಿತ್ತು. ಹೊಸ ಸ್ಪ್ರಿಂಗ್ ಹಾಕಿದ್ದೇನೆಂದು ಹೇಳಿ ಹಳೇದನ್ನೇ ತುರುಕಿದನೆಂದು, ಗ್ಯಾರೇಜಿನ ಮಾಲೀಕನನ್ನು ಅವಳೇ ಹಿಡಿದು ತಂದಿದ್ದಳು. ಆ ಮಾಲೀಕ ಅವಳ ಸ್ವಂತ ಅಣ್ಣ.

ಮೇಲಧಿಕಾರಿ, "ಬೇರೆಯವರಿಗೆ ಕೊಡ್ಲೇನಮ್ಮ ಈ ಕೇಸು?" ಎಂದು ಕೇಳಿದ್ದರು. ಬೇಡ ಎಂದಿದ್ದಳು. ಅಣ್ಣ ಅಂತ ಬಿಟ್ಟಳು ಎಂದು ಯಾರೂ ಆಡಿಕೊಳ್ಳಬಾರದೆಂದು, ಬೀದಿಯವರೆಲ್ಲ ಹೊರಗೆ ಬಂದು ನಿಂತ ಹೊತ್ತಿನಲ್ಲೇ ಅವನ ತೋಳು ಹಿಡಿದಿದ್ದಳು. "ಕೈ ತೊಳ್ಕೊಂಡು ಬರ್ತೀನಿ ಇರು" ಅಂದಿದ್ದ ಅವನು. ಅಷ್ಟಕ್ಕೂ ಬಿಟ್ಟಿರಲಿಲ್ಲ. ಗ್ರೀಸು ಮೆತ್ತಿದ ಅದೇ ಕೈಯಲ್ಲಿ ಜೀಪು ಹತ್ತಿದ್ದ. "ಕೆಲಸ ಮಾಡಿದ್ದು ಯಾರು?" ಎಂದು ಕೇಳಿದ್ದಕ್ಕೆ "ನಾನೇ" ಎಂದವನು ಆಮೇಲೆ ಬಾಯಿ ತೆರೆದಿರಲಿಲ್ಲ.

"ಅಪ್ಪ, ಇದು ಮನೆ ಅಲ್ಲ. ಹೇಳೋದನ್ನ ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡಿಯೇ ಬಂದಿದೀನಿ." ಅಪ್ಪ ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದರು. ಆ ಕೈ ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ. ಒಳಗೆ ಯಾರೋ ಕೂತು ಅಲ್ಲಾಡಿಸುತ್ತಿರುವ ಹಾಗೆ. "ಇದಕ್ಕೇ ಅವನು ಹೇಳಲಿಲ್ಲ. ಈ ಕೈಯಲ್ಲಿ ಅಪ್ಪ ಸ್ಪ್ರಿಂಗ್ ಕೂರಿಸಿದ್ರು ಅಂತ ಗೊತ್ತಾದ್ರೆ ಗ್ಯಾರೇಜಿಗೆ ಯಾರು ಬರ್ತಾರೆ? ನನ್ನನ್ನ ಯಾರು ಮೂಸಿ ನೋಡ್ತಾರೆ?"

"ಇದು ಯಾವಾಗಿಂದ?"

"ನೀನು ಹೋದ ಸಲ ಮನೆಗೆ ಬಂದಾಗಲೂ ಇತ್ತು. ತೊಡೆ ಕೆಳಗೆ ಇಟ್ಕೊಂಡು ಕೂತಿದ್ದೆ. ನೀನು ಅವಸರದಲ್ಲಿದ್ದೆ."

ಅವಳು ಹೋದ ಸಲ ಯಾವಾಗ ಹೋಗಿದ್ದೆ ಎಂದು ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಕಳ್ಳರ ಕಣ್ಣು ನೋಡಿಯೇ ಸುಳ್ಳು ಹೇಳುತ್ತಿದ್ದಾರೋ ಇಲ್ಲವೋ ಹೇಳುವವಳು ಅಂತ ಹೆಸರು. ಹೆತ್ತ ಅಪ್ಪನ ಕೈ ಕಂಡಿರಲಿಲ್ಲ.

"ದೊಡ್ಡ ಟೀಚರ್ ಕಾರು ಅಂದ್ಮೇಲೆ ನಾನೇ ಮಾಡ್ಬೇಕು ಅಂತ ಹಟ ಹಿಡಿದೆ" ಎಂದರು ಅಪ್ಪ. "ನಿಮ್ಮಿಬ್ಬರಿಗೂ ಅಕ್ಷರ ಕಲಿಸಿದ ತಾಯಿ. ನಿಧಾನ ಆಯ್ತು. ಸ್ಪ್ಯಾನರ್ ಎಷ್ಟು ಸಲ ಕೆಳಗೆ ಬಿತ್ತೋ. ಆದ್ರೆ ಕೆಲಸ ಸರಿಯಾಗೇ ಮಾಡಿದೀನಿ ಅಂದ್ಕೊಂಡಿದ್ದೆ. ಎರಡೂ ಕಡೆ ಹೊಸದು. ಒಂದೇ ಕಡೆ ಹಾಕಿದ್ರೆ ಕಾರು ಒಂದು ಕಾಲು ಕುಂಟ್ಕೊಂಡು ಓಡುತ್ತೆ. ಸ್ಟ್ರಟ್ಟಿನ ಕೊಳವೆ, ಅದನ್ನ ಸುತ್ತಿರೋ ಸ್ಪ್ರಿಂಗು, ತಲೆ ಮೇಲಿನ ರಬ್ಬರು, ಎಲ್ಲ ಹೊಸದು. ಈಗ ಮುರಿದಿದೆ ಅಂತೀಯ. ನನ್ನ ಕೈಯೇ ಮುರಿದಿರ್ಬೇಕು. ನನ್ನನ್ನ ಒಳಗೆ ಹಾಕಿ ಅವನನ್ನ ಕಳಿಸು."

ಡ್ರೈವರ್ ಜೀಪಿನ ಗಾಜನ್ನು ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದ.

ಅವಳಿಗೆ ಒಂದು ವಿಷಯ ಚುಚ್ಚಿತು. ಆ ದಿನ ಮುರಿದ ಸ್ಪ್ರಿಂಗನ್ನು ಚಕ್ರದ ಸಂದಿನಿಂದ ಇಣುಕಿ ನೋಡಿ ತೀರ್ಮಾನ ಮಾಡಿದ್ದಳೇ ಹೊರತು ಬಿಚ್ಚಿಸಿ ನೋಡಿರಲಿಲ್ಲ. ಬೇರೆ ಯಾರದೇ ಕೇಸಾಗಿದ್ದರೆ ಬಿಚ್ಚಿಸುತ್ತಿದ್ದಳು. ಅಣ್ಣನದು ಎಂಬ ಕಾರಣಕ್ಕೇ ಅವಸರ ಮಾಡಿದ್ದಳು.

"ಬಿಚ್ಚಿ ಎರಡೂ ಕಡೆಯದನ್ನ" ಎಂದು ಡ್ರೈವರ್‌ಗೆ ಹೇಳಿದಳು.

ಅವನು ಜಾಕಿ ಕೊಟ್ಟು, ಚಕ್ರ ತೆಗೆದು, ಬಲಗಡೆಯದನ್ನು ಮೊದಲು ಇಳಿಸಿದ. ಮೊಣಕೈ ಉದ್ದದ ಕೊಳವೆ, ಅದನ್ನು ಸುತ್ತಿದ ದಪ್ಪ ಸ್ಪ್ರಿಂಗು. ಕಪ್ಪು ಬಣ್ಣ ಇನ್ನೂ ಹೊಳೆಯುತ್ತಿತ್ತು. ಆಮೇಲೆ ಎಡಗಡೆಯದು. ಅದನ್ನು ಗೋಣಿಚೀಲದ ಮೇಲೆ ಮಲಗಿಸಿದ್ದೇ ತಡ, ಅಪ್ಪ ಬಗ್ಗಿ ನೋಡಿ ನೆಟ್ಟಗಾದರು.

"ಇದು ನಾನು ಹಾಕಿದ್ದಲ್ಲ."

"ಅಪ್ಪ..."

"ಅಲ್ಲ ಅಂದ್ರೆ ಅಲ್ಲ."

"ಇಲ್ಲಿಗೆ ಬಂದೋರೆಲ್ಲ ಹೀಗೇ ಹೇಳೋದು" ಎಂದುಬಿಟ್ಟಳು.

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯಲಿಲ್ಲ. ಅಪ್ಪ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಗೋಡೆಯ ಕಡೆಗೆ ಮುಖ ಮಾಡಿದರು.

ಅವಳು ಮಂಡಿಯೂರಿ ಕೂತಳು. ಗ್ಯಾರೇಜಿನಲ್ಲೇ ಆಡಿ ಬೆಳೆದವಳು. ನೋಡಲು ಮನಸ್ಸು ಮಾಡಿದರೆ ಕಣ್ಣಿಗೆ ಕಾಣುತ್ತಿತ್ತು. ಸ್ಪ್ರಿಂಗು ಮುರಿದ ಜಾಗವನ್ನು ಬೆರಳಿಂದ ಸವರಿದಳು. ಅಲ್ಲಿ ತುಕ್ಕಿತ್ತು, ಒಳಗಿನ ತನಕ ಕಂದು ಬಣ್ಣದ ತುಕ್ಕು. ಸೇತುವೆಯ ಹತ್ತಿರ ಆ ಸಂಜೆ ಮುರಿದಿದ್ದರೆ ಒಳಗಿನ ಲೋಹ ಬೂದಿ ಬಣ್ಣಕ್ಕೆ ಮಿನುಗಬೇಕಿತ್ತು. ಇದು ಎಂದೋ ಮುರಿದದ್ದು. ಕೊಳವೆಯಿಂದ ಎಣ್ಣೆ ಸೋರಿ, ಅದರ ಮೇಲೆ ಧೂಳು ಕೂತು, ರೊಟ್ಟಿಯ ಹಾಗೆ ದಪ್ಪಗೆ ಗಟ್ಟಿಯಾಗಿತ್ತು. ಅಪ್ಪ ಕೆಲಸ ಮಾಡಿ ಕಳಿಸಿದ ಒಂದು ವಾರದಲ್ಲಿ ಅಷ್ಟು ದಪ್ಪ ಧೂಳು ಕೂರುವುದಿಲ್ಲ.

ಬಲಗಡೆಯ ನಟ್ಟುಗಳ ಮೂಲೆಗಳು ಚೊಕ್ಕವಾಗಿದ್ದವು. ಎಡಗಡೆಯ ನಟ್ಟುಗಳ ಮೂಲೆಗಳು ಸವೆದು ದುಂಡಗಾಗಿದ್ದವು. ಅಳತೆಗೆ ಕೂರದ ಸ್ಪ್ಯಾನರ್ ಹಾಕಿ, ಅವಸರದಲ್ಲಿ ತಿರುಚಿದ ಗುರುತು.

"ಅಪ್ಪ, ನೀವು ಹಾಕಿದ್ದಕ್ಕೆ ಏನಾದ್ರೂ ಗುರುತು ಇದೆಯಾ?"

ಅಪ್ಪ ಗೋಡೆಗೇ ಹೇಳಿದರು. "ಇದೆ. ಸೊಸೆ ಉಗುರಿಗೆ ಹಚ್ಚೋ ಬಣ್ಣ. ಸ್ಪ್ರಿಂಗಿನ ಮೇಲಿನ ಸುತ್ತಿಗೆ ಒಂದು ಗೀಟು ಎಳೀತೀನಿ. ಹೊಸದನ್ನ ಮಾರ್ಕೊಂಡು ಹಳೇದು ತಂದು ಜಗಳ ಆಡೋರು ಇದಾರೆ, ಅದಕ್ಕೆ. ಅವಳು ಬೈತಾಳೆ, ಮಾವ ನನಗಿಂತ ಜಾಸ್ತಿ ಖರ್ಚು ಮಾಡ್ತಾರೆ ಅಂತ."

ಬಲಗಡೆಯ ಸ್ಪ್ರಿಂಗಿನ ಮೇಲಿನ ಸುತ್ತಿನಲ್ಲಿ ಕೆಂಪು ಗೀಟಿತ್ತು. ಅಂಕುಡೊಂಕಾಗಿ, ನಡುಗುತ್ತ ಎಳೆದ ಗೀಟು. ಎಡಗಡೆಯದರಲ್ಲಿ ಇರಲಿಲ್ಲ.

ಅಂದರೆ ಕಾರು ಗ್ಯಾರೇಜಿನಿಂದ ಹೋದ ಮೇಲೆ ಯಾರೋ ಎಡಗಡೆಯ ಸ್ಟ್ರಟ್ಟನ್ನು ಸ್ಪ್ರಿಂಗಿನ ಸಮೇತ ಬಿಚ್ಚಿಕೊಂಡು, ಆ ಜಾಗದಲ್ಲಿ ಮುರಿದದ್ದನ್ನು ಕೂರಿಸಿದ್ದರು. ಅಪ್ಪನ ಕೆಲಸದಲ್ಲಿ ತಪ್ಪಿರಲಿಲ್ಲ. ಅಣ್ಣನಲ್ಲೂ ಇರಲಿಲ್ಲ.

"ಅಪ್ಪ," ಎಂದಳು. ಅಪ್ಪ ತಿರುಗದೆ, "ಇರಲಿ ಬಿಡು. ನಿನ್ನ ಕೆಲಸ ನೀನು ಮಾಡ್ದೆ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಡ್ರೈವರ್ ಸ್ಪ್ಯಾನರ್ ಒರೆಸುತ್ತ ನಗೆಯಾಡಿದ. "ಕದ್ದೋನು ಅದನ್ನ ಎಲ್ಲಿಗೆ ಹಾಕ್ತಾನೆ ಮೇಡಂ? ಈ ಜಾತಿ ಕಾರು ಈಗ ಯಾರ ಹತ್ರ ಇದೆ? ದೊಡ್ಡ ಟೀಚರ್ ಹತ್ರ ಒಂದಿತ್ತು, ನಿಮ್ಮ ಹತ್ರ ಒಂದಿದೆ. ಇಬ್ಬರಿಗೂ ನಿಮ್ಮಪ್ಪಾವ್ರೇ ಕೊಡಿಸಿದ್ದಂತೆ ಅಲ್ವಾ? ನಿಮ್ಮನ್ನೇ ಹಿಡೀಬೇಕಷ್ಟೆ!"

ಅವನೊಬ್ಬನೇ ನಕ್ಕ.

ಅವಳೂ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಬೇವಿನ ಮರದ ನೆರಳಲ್ಲಿ ಅವಳ ಕಾರು ನಿಂತಿತ್ತು. ಅದರ ಎಡಗಡೆಯಿಂದ ಪ್ರತಿ ಗುಂಡಿಗೂ 'ಕಟಕ್' ಎನ್ನುವ ಸದ್ದು ಬರುತ್ತಿತ್ತು. ಎಷ್ಟೋ ತಿಂಗಳಿಂದ ಬರುತ್ತಿತ್ತು. ಈಗ ಕೆಲವು ದಿನಗಳಿಂದ ಬರುತ್ತಿರಲಿಲ್ಲ. "ಒಬ್ಬರ ಹತ್ರ ಸರಿ ಮಾಡಿಸ್ದೆ" ಎಂದಿದ್ದ ಗಂಡ. ಯಾರ ಹತ್ರ ಎಂದು ಅವಳು ಕೇಳಿರಲಿಲ್ಲ. ಕೇಸಿನ ಕಾಗದಗಳಲ್ಲಿ ಮುಳುಗಿ "ಸರಿ" ಎಂದಿದ್ದಳು.

ಎದ್ದು ಹೋಗಿ ಕಾರಿನ ಬಾಗಿಲು ತೆಗೆದು, ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದಳು. ಯೂನಿಫಾರಂ ಪ್ಯಾಂಟಿನಲ್ಲೇ ಮಣ್ಣಿಗೆ ಮಂಡಿ ಊರಿ, ಚಕ್ರದ ಹಿಂದೆ ಮೊಬೈಲ್ ಬೆಳಕು ಬಿಟ್ಟಳು.

ಹೊಳೆಯುವ ಕಪ್ಪು ಸ್ಪ್ರಿಂಗು. ಮೇಲಿನ ಸುತ್ತಿನಲ್ಲಿ ಅಂಕುಡೊಂಕಾದ ಕೆಂಪು ಗೀಟು.

ಅವಳಿಗೆ ಮೊದಲು ಹೊಳೆದದ್ದು ಗಂಡನ ಮುಖವಲ್ಲ. ಬೆರಳ ತುದಿಗೆ ಸ್ವಲ್ಪ ಪೆಟ್ರೋಲ್ ಹಚ್ಚಿ ಉಜ್ಜಿದರೆ ಆ ಗೀಟು ಹೋಗುತ್ತದೆ ಎಂಬ ಯೋಚನೆ. ಬೇರೆ ಯಾರೂ ನೋಡಿಲ್ಲ. ಅಂಥ ಯೋಚನೆ ತನ್ನ ತಲೆಯೊಳಗೆ ಇಷ್ಟು ಸಲೀಸಾಗಿ ಬಂದು ಕೂತಿದ್ದಕ್ಕೆ ಮೈಯೆಲ್ಲ ಜುಮ್ಮೆಂದಿತು. ಅಣ್ಣನಿಗೆ ಕೈ ತೊಳೆಯಲೂ ಬಿಡದವಳು ಅವಳೇ.

ಅವನನ್ನು ಹಿಡಿಯುವ ದಿನ ಜೀಪಿನ ಹಿಂದೆಯೇ ಈ ಕಾರಿನಲ್ಲಿ ಬಂದಿದ್ದಳು. ಗ್ಯಾರೇಜಿನ ಬೀದಿ ಪೂರ್ತಿ ಗುಂಡಿ. ಎಷ್ಟು ಹಾಯಾಗಿ ಓಡುತ್ತಿದೆ ಕಾರು ಅಂದುಕೊಂಡಿದ್ದಳು.

ಎದ್ದು ನಿಂತಾಗ ಅಪ್ಪ ಅವಳ ಮಂಡಿಯ ಮಣ್ಣನ್ನು ನೋಡುತ್ತಿದ್ದರು. ಕಾರನ್ನೂ ನೋಡಿದರು.

ಠಾಣೆಯೊಳಗೆ ಬೆಂಚಿನ ಮೇಲೆ ಅತ್ತಿಗೆ ಊಟದ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳನ್ನು ಕಂಡು ಎದ್ದು ನಿಂತಳು.

"ಅತ್ತಿಗೆ, ಕೂತ್ಕೊಳ್ಳಿ."

"ಪರವಾಗಿಲ್ಲ ಮೇಡಂ."

ಮದುವೆಯಾಗಿ ಬಂದ ದಿನದಿಂದ ಅವಳ ತಲೆ ಬಾಚಿ, ಪರೀಕ್ಷೆಯ ದಿನಗಳಲ್ಲಿ ಬೆಳಗ್ಗೆ ಎಬ್ಬಿಸಿ, 'ನಮ್ಮ ಪುಟ್ಟಿ ಪೊಲೀಸು' ಎಂದು ನೆರೆಹೊರೆಗೆಲ್ಲ ಸಾರಿದ ಅತ್ತಿಗೆ. ಮೇಡಂ ಎಂದಳು. ಚುಚ್ಚಬೇಕೆಂದು ಅಂದದ್ದಲ್ಲ. ನಿಜಕ್ಕೂ ಬೇರೆ ಹೇಗೆ ಕರೆಯಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಇನ್ಸ್‌ಪೆಕ್ಟರ್ ಲಾಕಪ್ಪಿನ ಬೀಗ ತಾನೇ ತೆಗೆದು ಒಳಗೆ ಹೋದಳು. ಅಣ್ಣ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಉಗುರು ಸಂದಿಯಲ್ಲಿ ಗ್ರೀಸು ಇನ್ನೂ ಇತ್ತು.

"ಬಾ ಪುಟ್ಟಿ" ಎಂದ, ಮನೆಗೆ ಬಂದವಳನ್ನು ಕರೆದಂತೆ.

"ಅಪ್ಪ ಬಂದಿದಾರೆ. ಎಲ್ಲ ಹೇಳಿದ್ರು."

"ಬರಬೇಡಿ ಅಂದಿದ್ದೆ." ಅವನು ತಲೆ ಅಲ್ಲಾಡಿಸಿದ. "ಸರಿ, ಅಪ್ಪನನ್ನ ಇದಕ್ಕೆ ಎಳೀಬೇಡ. ಗ್ಯಾರೇಜ್ ನಂದು, ಜವಾಬ್ದಾರಿ ನಂದು."

"ನನ್ನ ಕಾರಿನ ಕೆಳಗೆ ನೋಡ್ದೆ."

ಅಣ್ಣ ಕಣ್ಣು ಮುಚ್ಚಿದ.

"ಗೊತ್ತಿತ್ತಾ ನಿನಗೆ?" ಅವಳ ದನಿ ಏರಿತು. "ಗೊತ್ತಿದ್ದೂ ಇಲ್ಲಿ ಕೂತಿದ್ಯಾ?"

"ಮೆಲ್ಲಗೆ ಮಾತಾಡು. ನಿನ್ನ ಜನ ಹೊರಗಿದಾರೆ."

"ಅಣ್ಣ!"

"ನಿನ್ನ ಗಂಡ ಒಂದು ಸಲ ಗ್ಯಾರೇಜಿಗೆ ಬಂದಿದ್ದ" ಎಂದು ಅವನು ಶುರು ಮಾಡಿದ. "ನಿನ್ನ ಕಾರಿನ ಎಡಗಡೆ ಸದ್ದು ಬರುತ್ತೆ ಅಂತ. ನೋಡ್ದೆ. ಸ್ಪ್ರಿಂಗು ಕೆಳಗೆ ಮುರಿದಿತ್ತು. ಇದನ್ನ ಓಡಿಸ್ಬೇಡಿ, ಬಿಟ್ಟು ಹೋಗಿ, ನಾನು ಹಾಕ್ಕೊಡ್ತೀನಿ ಅಂದೆ. ಏನೂ ಕೊಡೋದು ಬೇಡ, ತಂಗಿ ಕಾರು ಅಂದೆ. ಅಲ್ಲೇ ಎಡವಟ್ಟಾಯ್ತು. ಹೆಂಡತಿ ತವರಿನವರ ಮುಂದೆ ನಾನು ಕೈ ಚಾಚಲ್ಲ ಅಂತ ಮುಖ ಕೆಂಪಗೆ ಮಾಡ್ಕೊಂಡು ಹೋದ."

ಅವಳ ಗಂಡ ದೊಡ್ಡ ಟೀಚರ್ ಶಾಲೆಯಲ್ಲೇ ಮರಗೆಲಸ, ಕಬ್ಬಿಣದ ಕೆಲಸ ಕಲಿಸುವ ಮೇಷ್ಟ್ರು. ಶಾಲೆಯ ಹಿಂದಿನ ಶೆಡ್ಡಿನಲ್ಲಿ ಜಾಕಿ ಇತ್ತು, ಸ್ಪ್ಯಾನರ್ ಇತ್ತು. ದೊಡ್ಡ ಟೀಚರ್ ತಮ್ಮ ಕಾರನ್ನು ಬಿಸಿಲಿಗೆ ನಿಲ್ಲಿಸಬಾರದೆಂದು ದಿನಾ ಆ ಶೆಡ್ಡಿನಲ್ಲೇ ಬಿಡುತ್ತಿದ್ದರು. ಅಣ್ಣ ಇದನ್ನೆಲ್ಲ ಹೇಳಬೇಕಾಗಲಿಲ್ಲ.

"ಅವನು ಮಾಡಿದ್ದು ನಿನಗೆ ಹೇಗೆ ಗೊತ್ತಾಯ್ತು?"

"ಆ ಮಧ್ಯಾಹ್ನ ದೊಡ್ಡ ಟೀಚರ್ ಗ್ಯಾರೇಜಿಗೆ ಬಂದ್ರು. ಹೊಸದು ಹಾಕಿದ ಮೇಲೂ ಕಟಕ್ ಅಂತಿದೆಯಲ್ಲೋ ಅಂದ್ರು. ಬಗ್ಗಿ ನೋಡ್ದೆ." ಅವನು ಕೈಗಳನ್ನು ನೋಡಿಕೊಂಡ. "ನಿನ್ನ ಕಾರಿನದು. ಕೆಳಗಿನ ಕ್ಲಾಂಪಿಗೆ ನಾನೇ ಹಿಂದೆ ವೆಲ್ಡಿಂಗ್ ಮಾಡಿದ್ದೆ. ನನ್ನ ಕೈ ಕೆಲಸ ನನಗೆ ಗೊತ್ತಾಗಲ್ವಾ?"

"ಅವರಿಗೆ ಹೇಳಿದ್ಯಾ?"

ಅಣ್ಣ ಉಗುರಿನ ಗ್ರೀಸು ಕೆರೆಯತೊಡಗಿದ.

"ಅಣ್ಣ, ಅವರಿಗೆ ಹೇಳಿದ್ಯಾ?"

"ಇಲ್ಲ." ಆ ಒಂದು ಮಾತು ಹೇಳಲು ಅವನು ಉಸಿರು ಕೂಡಿಸಿಕೊಳ್ಳಬೇಕಾಯಿತು. "ಹೇಳಿದ್ರೆ ಯಾರದು, ಹೇಗೆ ಬಂತು ಅಂತ ಹೇಳ್ಬೇಕಿತ್ತು. ಇನ್ಸ್‌ಪೆಕ್ಟರ್ ಗಂಡ ಕಳ್ಳ ಅಂತ ಊರೆಲ್ಲ ಆಗ್ತಿತ್ತು. ನೀನು ತಲೆ ಎತ್ಕೊಂಡು ಓಡಾಡೋ ಊರಿದು. ಅದಕ್ಕೆ... ಮೆಲ್ಲಗೆ ಓಡಿಸಿ ಟೀಚರ್, ನಾಳೆ ಬೆಳಗ್ಗೆ ತನ್ನಿ, ಸರಿ ಮಾಡ್ತೀನಿ ಅಂದೆ. ಆಯ್ತಪ್ಪ ಅಂದ್ರು. ನನ್ನ ಮಾತು ನಂಬಿ ಹೋದ್ರು."

ಅವನು ಅಳಲಿಲ್ಲ. ಅತ್ತಿದ್ದರೆ ಅವಳು ಹತ್ತಿರ ಹೋಗಿ ಕೂರಬಹುದಿತ್ತು. ಅವನ ಮುಖ ಬರಿದಾಗಿತ್ತು.

"ನೀನು ಹಿಡ್ಕೊಂಡು ಬಂದಾಗ ನನಗೆ ಬೇಜಾರಾಗ್ಲಿಲ್ಲ ಪುಟ್ಟಿ. ಸರಿಯಾದ ಜಾಗಕ್ಕೇ ಕರ್ಕೊಂಡು ಹೋಗ್ತಿದಾಳೆ ಅನ್ನಿಸ್ತು. ಕಾರಣ ಮಾತ್ರ ಬೇರೆ."

ಹೊರಗೆ ಕ್ಯಾರಿಯರ್ ಮುಚ್ಚಳ ಸದ್ದು ಮಾಡಿತು. ಅತ್ತಿಗೆ ಕೇಳಿಸಿಕೊಂಡಿರಬೇಕು.

ಅವಳು ಅಣ್ಣನ ಎದುರು ನೆಲದ ಮೇಲೆ ಕೂತಳು. ಒಂದು ಸಣ್ಣ ಕಳ್ಳತನ. ಸೋಲೊಪ್ಪದ ಗಂಡಸಿನ ಜಂಭ. ಅದನ್ನು ಮುಚ್ಚಲು ಹೋದ ಅಣ್ಣ. ಇಷ್ಟೇ ಆಗಿದ್ದರೆ, ನಾಚಿಕೆಯೇ ಆದರೂ ಅದಕ್ಕೊಂದು ತುದಿ ಇದೆ ಅಂದುಕೊಂಡಳು. ಗಂಡನನ್ನು ಕರೆಸಬೇಕು. ಅವನು ಒಪ್ಪಿಕೊಳ್ಳುತ್ತಾನೆ. ಟೀಚರ್ ಸಾಯಲಿ ಅಂತ ಮಾಡಿದ್ದಲ್ಲವಲ್ಲ.

"ಅವನ ಹತ್ರ ಮಾತಾಡಿದ್ಯಾ?"

"ಟೀಚರ್ ಆ ಕಡೆ ಹೋದ ಕೂಡ್ಲೇ ಫೋನ್ ಮಾಡ್ದೆ. ಬಾಯಿಗೆ ಬಂದ ಹಾಗೆ ಬೈದೆ. ಇವತ್ತೇ ಬಿಚ್ಚಿ ವಾಪಸ್ ಹಾಕು, ಇಲ್ಲಾಂದ್ರೆ ನಾನೇ ತಂಗಿಗೆ ಹೇಳ್ತೀನಿ ಅಂದೆ. ಅವನು ತಣ್ಣಗೆ, ಟೀಚರ್‌ಗೆ ಆಗ್ಲೇ ಅನುಮಾನ ಬಂದಿದೆ, ಬೆಳಗ್ಗೆ ಕರೆದು ಕೇಳಿದ್ರು ಅಂದ. ಸಂಜೆ ನಾನೇ ಅವರ ಕಾರು ಓಡಿಸ್ಕೊಂಡು ಅವರನ್ನ ಮನೆಗೆ ಬಿಡ್ತೀನಿ, ಹಾಗೇ ಗ್ಯಾರೇಜಿಗೆ ತರ್ತೀನಿ, ನೀವು ಸುಮ್ಮನಿರಿ ಅಂದ. ನಾನು ಕತ್ತಲಾಗೋವರೆಗೂ ಬಾಗಿಲು ತೆಗ್ದೇ ಇಟ್ಕೊಂಡು ಕಾದೆ."

"ಅವನೇ ಓಡಿಸ್ಕೊಂಡು ಬರ್ತೀನಿ ಅಂದ್ನಾ?"

"ಹೌದು. ಆಮೇಲೆ ಟೀಚರ್ ಒಬ್ಬರೇ ಹೋಗಿದ್ರು ಅಂತ ಗೊತ್ತಾಯ್ತಲ್ಲ. ಅವನ ಮಾತು ಕೇಳ್ದೆ ಹೊರಟಿರ್ಬೇಕು ಪಾಪ."

ಟೀಚರ್ ಒಬ್ಬರೇ ಇದ್ದರು ಎಂದು ಊರಿಗೆ ಹೇಳಿದ್ದು ಯಾರು? ತಾನೇ. ದೊಡ್ಡ ಟೀಚರ್ ದೇಹ ಸಿಕ್ಕಿದ್ದು ಸ್ಟೀರಿಂಗಿನ ಹಿಂದೆ ಅಲ್ಲ, ಪಕ್ಕದ ಸೀಟಿನಲ್ಲಿ. ಕಾರು ಉರುಳುವಾಗ ಆ ಕಡೆಗೆ ಬಿದ್ದಿರಬೇಕು ಎಂದು ಅವಳೇ ಬರೆದಿದ್ದಳು. ಬರೆಯುವಾಗ ಅವಳ ಮನಸ್ಸು ಅಣ್ಣನ ಗ್ಯಾರೇಜಿನ ಕಡೆಗೆ ಓಡುತ್ತಿತ್ತು. ಡ್ರೈವರ್ ಕಡೆಯ ಬಾಗಿಲು ತೆರೆದಿತ್ತು. ಏಟಿಗೆ ತೆರೆದುಕೊಂಡಿದೆ ಅಂದುಕೊಂಡಿದ್ದಳು.

ಆ ಸಂಜೆ ಅವಳು ಸೇತುವೆಯಿಂದ ಮನೆಗೆ ಮರಳಿದಾಗ ಗಂಡ ಹಣೆಗೆ ಪಟ್ಟಿ ಹಾಕಿಕೊಂಡು ಮಲಗಿದ್ದ. ಬಚ್ಚಲಲ್ಲಿ ಜಾರಿದೆ ಎಂದ. ಪಟ್ಟಿ ಬಿಚ್ಚಿ, ಗಾಯ ತೊಳೆದು, ಅವಳೇ ಔಷಧಿ ಹಚ್ಚಿದ್ದಳು. ನೋವಾಗುತ್ತಿದೆಯಾ ಎಂದು ಊದಿದ್ದಳು.

ಗಾಯ ಉದ್ದಕ್ಕೆ, ನೆಟ್ಟಗೆ ಇತ್ತು, ಕಾರಿನ ಬಾಗಿಲಿನ ಅಂಚು ತಗುಲಿದ ಹಾಗೆ.

"ಯಾಕೆ ಪುಟ್ಟಿ? ಏನಾಯ್ತು?"

ಅವಳು ಎದ್ದು ಹೊರಗೆ ಬಂದಳು. ಲಾಕಪ್ಪಿನ ಬಾಗಿಲನ್ನು ಹಾಗೇ ತೆರೆದು ಬಿಟ್ಟಳು. ಅತ್ತಿಗೆ ಕ್ಯಾರಿಯರ್ ಹಿಡಿದು ಒಳಗೆ ಹೋದಳು. ಹೋಗುವಾಗ ಇವಳ ಮುಖ ನೋಡಿ ಒಂದು ಕ್ಷಣ ನಿಂತಳು, ಏನೋ ಕೇಳುವವಳಂತೆ.

ಹಿತ್ತಲಲ್ಲಿ ಅಪ್ಪ ಇನ್ನೂ ಬಲಗಡೆಯ ಸ್ಟ್ರಟ್ಟಿನ ಪಕ್ಕದಲ್ಲಿ ಕೂತಿದ್ದರು. ಇನ್ಸ್‌ಪೆಕ್ಟರ್ ತನ್ನ ಕಾರಿನ ಕೀಲಿಯನ್ನು ಜೇಬಿನಿಂದ ತೆಗೆದು ಕಾನ್‌ಸ್ಟೇಬಲ್ ಕೈಗೆ ಕೊಟ್ಟಳು.

"ಈ ಕಾರನ್ನ ಜಪ್ತಿ ಮಾಡಿ. ಯಾರನ್ನೂ ಮುಟ್ಟೋಕೆ ಬಿಡಬೇಡಿ. ನನ್ನನ್ನೂ."

"ಮೇಡಂ, ಇದು ನಿಮ್ಮ..."

"ಹೌದು. ನನ್ನದೇ. ಮೇಲಿನವರಿಗೆ ಫೋನ್ ಮಾಡಿ, ಈ ಕೇಸು ಬೇರೆಯವರಿಗೆ ಕೊಡಿ ಅಂದೆ ಅಂತ ಹೇಳಿ."

ಅಪ್ಪ ತಲೆ ಎತ್ತಿ ನೋಡಿದರು. ಅವಳಿಗೆ ಅವರ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ. ಜೀಪಿನ ಕಡೆ ಹೆಜ್ಜೆ ಹಾಕಿದಳು. ಡ್ರೈವರ್ ಇಂಜಿನ್ ಹಾಕಿ, "ಎಲ್ಲಿಗೆ ಮೇಡಂ?" ಎಂದ.

ತನ್ನ ಮನೆಯ ದಾರಿಯನ್ನು ಅವನಿಗೆ ಹೇಗೆ ಹೇಳುವುದೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಗಂಡ.

ಕಿವಿಗೆ ಹಿಡಿದಳು. ಇನ್ನೂ ಹಲೋ ಎಂದಿರಲಿಲ್ಲ. ಆ ಕಡೆಯಿಂದ ಬಸ್ಸುಗಳ ಹಾರ್ನು, ಊರುಗಳ ಹೆಸರು ಕೂಗುವ ಕಂಡಕ್ಟರುಗಳ ಗಲಾಟೆ. ಅದರ ನಡುವೆ ಗಂಡನ ದನಿ, ಸಾವಧಾನವಾಗಿ, ಮನೆಗೆ ಹಾಲು ತರಲೇ ಎಂದು ಕೇಳುವವನ ಹಾಗೆ.

"ನಿಮ್ಮಣ್ಣ ಬಾಯಿ ಬಿಟ್ಟನಾ?"